ನಾಲ್ಕು ಅಂದರೆ ಐದು

ಮಾರ್ಚ್ 2, 2025, ಭಾನುವಾರ

ಮಾರಿಷಸ್ಸಿನ ಗಾರ್ಮೆಂಟ್ಸ್ ಕಂಪನಿಯವರು ಕೊಡುತ್ತೇವೆ ಅಂದದ್ದು: ಎರಡು ವರ್ಷ ದುಡಿದ ಮೇಲೆ ಮೂವತ್ತು ದಿನ ರಜೆ. ಕೊಟ್ಟದ್ದು: ಹನ್ನೆರಡು ದಿನ.

ಅಂದದ್ದು: ಪಾಸ್‌ಪೋರ್ಟು ಅವರವರ ಕೈಯಲ್ಲೇ ಇರುತ್ತದೆ. ಇರುವುದು: ಆಫೀಸಿನ ಬೀರುವಿನಲ್ಲಿ.

ಅಂದದ್ದು: ಕೋಣೆಗೆ ನಾಲ್ವರು. ಮಲಗುತ್ತಿರುವುದು: ಹನ್ನೊಂದು ಹೆಂಗಸರು.

ಅಂದದ್ದು: ಬೇಕಾದಾಗ ಮನೆಗೆ ಫೋನು. ಆಗುತ್ತಿರುವುದು: ಫ್ಯಾಕ್ಟರಿ ಗೇಟಿನಲ್ಲೇ ಫೋನು ಕಿತ್ತಿಟ್ಟುಕೊಂಡು ಕೆಲಸ ಬಿಟ್ಟ ಮೇಲೆ ವಾಪಸು.

ಅಂದದ್ದು: ಊರಿಗೆ ಹೋಗಿಬರುವ ಪ್ರಯಾಣದ ಹೊತ್ತು ಕಂಪನಿಯದು, ರಜೆಯಲ್ಲಿ ಕಳೆಯುವುದಿಲ್ಲ. ಕೊಟ್ಟದ್ದು: ಒಂದು ದಾರಿಗೆ ಐದು ಗಂಟೆ ಐವತ್ತು ನಿಮಿಷ.

ಈ ಕೊನೆಯದನ್ನು ಓದಿ ಮೈ ಉರಿದುಹೋಯಿತು. ಮಾರಿಷಸ್ಸಿನಲ್ಲಿ ಕೂತ ಯಾವನೋ ಕಂಪ್ಯೂಟರಿಗೆ ಅಲ್ಲಿನ ಮತ್ತು ಬೆಂಗಳೂರಿನ ವಿಮಾನ ನಿಲ್ದಾಣಗಳ ಹೆಸರು ಹಾಕಿದ್ದಾನೆ. ಅದು ಸಮುದ್ರದ ಮೇಲೆ ನೇರ ಗೆರೆ ಎಳೆದು ನಾಲ್ಕು ಸಾವಿರದ ಮುನ್ನೂರ ಮೂವತ್ನಾಲ್ಕು ಕಿಲೋಮೀಟರ್, ಐದು ಗಂಟೆ ಐವತ್ತು ನಿಮಿಷ ಎಂದಿದೆ. ಆದರೆ ಇವರು ತೆಗೆದಿರುವ ಟಿಕೆಟ್ಟು ಆ ಗೆರೆಯ ಮೇಲಿನದಲ್ಲ. ದುಬೈ ಸುತ್ತಿಕೊಂಡು ಬರುವುದು. ಅಲ್ಲಿ ಒಂದು ಹಗಲು, ಅರ್ಧ ರಾತ್ರಿ ಕುರ್ಚಿಯ ಮೇಲೆ ಬಿದ್ದಿರಬೇಕು. ಏಪ್ರಿಲ್ ಹನ್ನೆರಡರ ಶನಿವಾರ ರಾತ್ರಿ ಹತ್ತು ನಲವತ್ತಕ್ಕೆ ಮಾರಿಷಸ್ಸಿನಲ್ಲಿ ಹತ್ತಿದರೆ ಸೋಮವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಇಲ್ಲಿ ಇಳಿಯುವುದು. ನಾವು ಕೂಡಿ ನೋಡಿದ್ದೇವೆ: ಮೂವತ್ನಾಲ್ಕೂವರೆ ಗಂಟೆ. ಉಳಿದ ಗಂಟೆಗಳನ್ನೆಲ್ಲ ಹೆಂಗಸರ ರಜೆಯಿಂದ ಕತ್ತರಿಸುತ್ತಾರೆ. ಗಂಟೆಗೆ ಇಷ್ಟು ಕಾಲರ್ ಹೊಲಿ ಎಂದು ಬೆನ್ನ ಮೇಲೆ ನಿಂತು ಎಣಿಸುವವರಿಗೆ ಇದೊಂದು ಎಣಿಕೆ ಬರುವುದಿಲ್ಲ!

ನಾವು ಬಿಡುವುದಿಲ್ಲ.

ಇಪ್ಪತ್ತೆರಡು ವರ್ಷ ನಮ್ಮ ದುಡಿಯುವವರ ಸಂಘದ ನಡಾವಳಿ ಪುಸ್ತಕ ಬರೆದ ಕೈ ಇದು. ಮನೆಯಲ್ಲಿ ಕೂತು ಬರೆದರೂ ಹಾಗೇ ಬರುತ್ತದೆ. ಆದ್ದರಿಂದ ಹಾಜರಿಯನ್ನೂ ಬರೆದುಬಿಡುತ್ತೇನೆ. ನಂದಿನಿ ಲೇಔಟಿನ ಹಿಂದಿನ ಸ್ಲಂ ಬೋರ್ಡಿನ ಮನೆ, ಎರಡನೇ ಮಹಡಿ. ಹಾಜರಿದ್ದವರು: ಉಗ್ರಪ್ಪ. ಗೈರುಹಾಜರು: ಶಶಿಕಲಾ, ನನ್ನ ಹೆಂಡತಿ, ಆ ಕಂಪನಿಯ ಹೊಲಿಗೆಯವಳು. ಎರಡು ವರ್ಷದಿಂದ.

ಮಾರ್ಚ್ 4, ಮಂಗಳವಾರ

ಹೆಂಗಸರನ್ನು ಅಲ್ಲಿಗೆ ಕಳಿಸಿದ ಏಜೆಂಟನ ವಿಜಯನಗರದ ಆಫೀಸಿಗೆ ಹೋಗಿದ್ದೆವು. ನಾನು, ಮಹದೇವ. ಮಹದೇವ ಆಟೋ ಓಡಿಸುತ್ತಾನೆ, ಸಂಘದ ಖಜಾಂಚಿ. ಖಜಾನೆ ಇಲ್ಲದ ಖಜಾಂಚಿ ಎಂದು ಅವನೇ ಹೇಳಿಕೊಳ್ಳುತ್ತಾನೆ. ಏಜೆಂಟ್ ನಾಗಭೂಷಣ್ ಮೂವತ್ತು ದಾಟದ ಹುಡುಗ, ಇಸ್ತ್ರಿ ಅಂಗಿ.

"ಸಾರ್, ನೋಡಿ," ಎಂದು ಫೋನಿನಲ್ಲಿ ನಕ್ಷೆ ತೋರಿಸಿದ. "ಸ್ಟ್ರೈಟ್ ಲೈನು. ಐದು ಐವತ್ತು. ಕಂಪನಿ ಸುಳ್ಳು ಹೇಳ್ತಾ ಇಲ್ಲ."

"ಅಣ್ಣಾ, ಲೈನು ಸ್ಟ್ರೈಟಾಗೈತೆ, ನಿಮ್ ಟಿಕೆಟ್ ಯಾಕೆ ಸೊಟ್ಟಗೈತೆ?" ಅಂದ ಮಹದೇವ. "ನೀವು ನನ್ನ ಆಟೋನ ನಂದಿನಿ ಲೇಔಟಿಂದ ಮೆಜೆಸ್ಟಿಕ್‌ಗೆ ಕೆಂಗೇರಿ ಮೇಲೆ ಓಡಿಸ್ಬಿಟ್ಟು ಸ್ಟ್ರೈಟ್ ಲೈನಿನ ಮೀಟ್ರು ಕೊಡ್ತೀನಿ ಅಂದ್ರೆ ನಾನು ಸುಮ್ನಿರ್ತೀನಾ?"

ನಾನು ಮನವಿಪತ್ರ ಮುಂದಿಟ್ಟೆ. ಹುಡುಗ ಓದಿದ, ನಕ್ಕ. "ಸಾರ್, ಮೂವತ್ನಾಲ್ಕೂವರೆ ತಪ್ಪು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಹೊರಡೋದು ಅವರ ಟೈಮು, ಇಳಿಯೋದು ನಮ್ಮ ಟೈಮು. ಮೂವತ್ಮೂರು ಬರುತ್ತೆ. ಹೋರಾಟ ಮಾಡೋರು ಲೆಕ್ಕ ಸರಿಯಾಗಿ ಹಾಕ್ಬೇಕಲ್ವಾ?"

ಹೆಂಡತಿ ಎರಡು ವರ್ಷದಿಂದ ಆ ಗಡಿಯಾರದ ಕೆಳಗಿದ್ದಾಳೆ. ಅದು ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೂಡುವಾಗ ನೆನಪಾಗಲಿಲ್ಲ.

ಹುಡುಗನ ಎದುರು ಪೆನ್ನು ತೆಗೆದು ತಿದ್ದಬೇಕಾಯಿತು. ಮೂವತ್ಮೂರೇ ಆಗಲಿ. ಐದು ಐವತ್ತಕ್ಕೂ ಮೂವತ್ಮೂರಕ್ಕೂ ನಡುವೆ ಇರುವುದು ಬರೀ ಗಂಟೆಯಲ್ಲ, ಕಳ್ಳತನ.

ಸಂಜೆ ಶಶಿಗೆ ಫೋನಿನಲ್ಲಿ ಹೇಳಿದೆ: ಭಾನುವಾರ ಸಂಘದ ಸಭೆ. ನಮ್ಮ ಸಮಯ ನಾಲ್ಕಕ್ಕೆ ಸರಿಯಾಗಿ ಸಂಘದ ನಂಬರಿಗೆ ಫೋನು ಮಾಡು. ಸ್ಪೀಕರಿಗೆ ಹಾಕುತ್ತೇನೆ. ಅಲ್ಲಿನ ಆರೂ ಜನ ಬೆಂಗಳೂರು ಹೆಂಗಸರ ಪರವಾಗಿ ನೀನೇ ಮಾತಾಡು. ಎಲ್ಲರೂ ಕಿವಿಯಾರೆ ಕೇಳಲಿ.

"ಭಾನುವಾರವೂ ಓಟಿ ಇದೆ ಕಣೋ. ಗೇಟಿಗೆ ಹೋಗಿ ಫೋನು ಮಾಡಕ್ಕೆ ಪಾಸ್ ಕೇಳ್ಬೇಕು. ನಾಲ್ಕು ತಾನೆ?"

"ನಾಲ್ಕು."

ಮಾರ್ಚ್ 9, ಭಾನುವಾರ

ಬರೆಯಲೇಬೇಕು, ಬರೆಯುತ್ತೇನೆ.

ಸಂಘದ ಸಭೆಗೆ ಐದಕ್ಕೆ ಜನ ಬೇಕೆಂದರೆ ನಾಲ್ಕು ಎಂದು ಹೇಳುವುದು ನಮ್ಮ ಪದ್ಧತಿ. ಇಂದಿನದಲ್ಲ, ಸಂಘ ಹುಟ್ಟಿದಾಗಿನದು. ಶಿಫ್ಟು ಬಿಟ್ಟು, ಬಸ್ಸು ಹಿಡಿದು, ನೀರು ತುಂಬಿಸಿ ಬರುವ ಜನ. ನಾಲ್ಕು ಅಂದರೆ ಐದಕ್ಕೆ ಬರುತ್ತಾರೆ, ಐದು ಅಂದರೆ ಆರಕ್ಕೆ. ಆದ್ದರಿಂದ ನಾಲ್ಕು ಅನ್ನುವುದು. ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು.

ರಾಜಾಜಿನಗರದ ಸಂಘದ ಕೋಣೆಗೆ ನಾನು ಮೆಟ್ಟಿಲು ಹತ್ತಿದಾಗ ಐದಕ್ಕೆ ಹತ್ತು ನಿಮಿಷ. ಕೆಳಗಿನ ಜೆರಾಕ್ಸ್ ಅಂಗಡಿಯ ಶೈಲಾ ಹೊರಗೆ ಬಂದು ನಿಂತಿದ್ದಳು.

"ಅಂಕಲ್, ನಾಲ್ಕು ಗಂಟೆಯಿಂದ ನಿಮ್ಮ ರೂಮೊಳಗೆ ಫೋನು ಬಡ್ಕೋತಾನೇ ಇತ್ತು. ಬೀಗ ಹಾಕಿತ್ತಲ್ಲ, ನಾನೇನ್ ಮಾಡ್ಲಿ? ಎಣಿಸ್ದೆ. ಹನ್ನೊಂದು ಸಲ."

ಬೀಗ ತೆಗೆದೆ. ಸಂಘದ ಫೋನು ಬೀರುವಿನೊಳಗೆ ಬಾವುಟದ ಮಡಿಕೆಯ ಮೇಲೆ ತಣ್ಣಗೆ ಕೂತಿತ್ತು. ಹನ್ನೊಂದು ಮಿಸ್ಡ್ ಕಾಲು. ನನ್ನ ಫೋನಿನಲ್ಲೂ ಎರಡು. ಅದಕ್ಕೆ ಬಿಡುವೇ ಇರಲಿಲ್ಲ. ಆ ಹೊತ್ತಿನಲ್ಲಿ ನಾನು ಸದಸ್ಯರಿಗೆಲ್ಲ ಫೋನು ಮಾಡಿ, "ನಾಲ್ಕಕ್ಕೆ ಹೇಳಿದ್ದೆನಲ್ರಪ್ಪಾ, ಇನ್ನೂ ಹೊರಟಿಲ್ವಾ?" ಎಂದು ಗದರುತ್ತಿದ್ದೆ.

ಐದೂಕಾಲಿಗೆ ಹದಿನಾಲ್ಕು ಜನ ಸೇರಿದರು. ವಾಪಸು ಮಾಡಿದೆವು, ಸ್ವಿಚ್ ಆಫ್. ಫೋನನ್ನು ನಡುವೆ ಇಟ್ಟುಕೊಂಡು ಆರರವರೆಗೆ ಕೂತೆವು. ಠರಾವು: ಕಂಪನಿಯ ಧೋರಣೆಯನ್ನು ಸಭೆ ತೀವ್ರವಾಗಿ ಖಂಡಿಸುತ್ತದೆ.

ಮಾರ್ಚ್ 10, ಸೋಮವಾರ

ಫೋನಿಲ್ಲ.

ಮಾರ್ಚ್ 11, ಮಂಗಳವಾರ

ಇಲ್ಲ.

ಮಾರ್ಚ್ 13, ಗುರುವಾರ

ಶಶಿಯ ಕೋಣೆಯ ಕಲಾವತಿ ಫೋನು ಮಾಡಿದ್ದಳು. ಲಗ್ಗೆರೆಯವಳು, ಶಶಿಯ ಜೊತೆಗೇ ಹೋದವಳು.

"ಅಣ್ಣಾ, ಜೈಭೀಮ್. ಅಕ್ಕ ಮಾಡಲ್ಲ ಅಂತಾವ್ಳೆ, ಅದ್ಕೇ ನಾನು ಮಾಡ್ದೆ. ಭಾನುವಾರ ಇಪ್ಪತ್ತು ನಿಮಿಷ ಪಾಸ್ ಕೊಟ್ಟಿದ್ರು. ಅಕ್ಕ ಮುಕ್ಕಾಲು ಗಂಟೆ ಗೇಟಲ್ಲೇ ನಿಂತ್ಲು. ಮೆಮೊ ಕೊಟ್ಟವ್ರೆ."

"ಮೆಮೊನಾ? ಅದರ ಕಾಪಿ ಕಳಿಸಮ್ಮಾ, ನಾವು..."

"ಅಣ್ಣಾ, ಕಾಪಿ ಇರ್ಲಿ. ಇನ್ನೊಂದು ಪೇಪರ್ ಕೊಟ್ಟವ್ರೆ. ರಜ ಬೇಡ, ಊರಿಗೆ ಹೋಗಲ್ಲ, ಇನ್ನೆರಡು ವರ್ಷ ಇಲ್ಲೇ ಇರ್ತೀನಿ ಅಂತ ಸೈನ್ ಹಾಕೋದು. ಮೂವತ್ತೊಂದರೊಳಗೆ. ಸೈನ್ ಹಾಕ್ದೋರ ಮೆಮೊ ಹರಿದಾಕ್ತಾರಂತೆ. ಅಕ್ಕ ಆ ಪೇಪರ್ ದಿಂಬಿನ ಕೆಳಗೆ ಇಟ್ಕೊಂಡವ್ಳೆ."

ಮಾರ್ಚ್ 14, ಶುಕ್ರವಾರ

ಸಹಿ ಹಾಕುತ್ತಾಳಂತೆ! ಹೋರಾಟಗಾರನ ಹೆಂಡತಿ ಶರಣಾಗತಿಯ ಕಾಗದಕ್ಕೆ ಸಹಿ ಹಾಕುತ್ತಾಳಂತೆ! ನಾವು ಇಲ್ಲಿ ಇಡೀ ಕಂಪನಿಯನ್ನು ಎದುರು ಹಾಕಿಕೊಂಡು ನಿಂತಿದ್ದರೆ ಅಲ್ಲಿ ದಿಂಬಿನ ಕೆಳಗೆ ಕಾಗದ! ಒಬ್ಬಳು ಸಹಿ ಹಾಕಿದರೆ ಉಳಿದ ಐವರ ಕಾಲು ನಿಲ್ಲುತ್ತದೆಯೇ? ಇಷ್ಟೂ ತಿಳಿಯದವಳಲ್ಲ ಅವಳು. ತಾನು ದುಡಿಯುತ್ತಿದ್ದ ತುಮಕೂರು ರಸ್ತೆಯ ಗಾರ್ಮೆಂಟ್ಸಿಗೆ ಬೀಗ ಬಿದ್ದ ದಿನ ಗೇಟಿನ ಮುಂದೆ ಮೊದಲು ಕೂತವಳು.

ಮಾರಿಷಸ್ಸಿಗೆ ಹೋಗುವಾಗಲೂ ಹೀಗೇ. ನಮ್ಮನ್ನು ಕೇಳದೆ ಹೋದಳು.

ಇಲ್ಲ. ಕೇಳಿದ್ದಳು. ಒಂದು ಗುರುವಾರ ಕೇಳಿದಳು. ಭಾನುವಾರದ ಸಭೆ ಮುಗಿಯಲಿ, ಮಾತಾಡೋಣ ಅಂದಿದ್ದೆ. ಆ ಭಾನುವಾರ ಸಭೆ ಉದ್ದವಾಯಿತು.

ಅನ್ನ ಉಳಿದಿದೆ. ಎರಡು ವರ್ಷವಾದರೂ ಒಬ್ಬನಿಗೆ ಎಷ್ಟು ಅಕ್ಕಿ ಎಂದು ಕೈಗೆ ತಿಳಿಯುತ್ತಿಲ್ಲ.

ಮಾರ್ಚ್ 16, ಭಾನುವಾರ

ಸಂಜೆ ಏಳೂವರೆಗೆ ಶಶಿ ಫೋನು ಮಾಡಿದಳು. ಮಾತಾಡಿದ್ದನ್ನು ಮಾತಾಡಿದಂತೆಯೇ ಬರೆದಿಡುತ್ತೇನೆ. ನಡಾವಳಿಯಲ್ಲಿ ಬಣ್ಣ ಹಚ್ಚಬಾರದು.

ನಮ್ಮ ರಿಜಿಸ್ಟರ್ ಮದುವೆಯ ದಿನವೇ, ಗಂಡನನ್ನು ನೀವು-ತಾವು ಅನ್ನಕೂಡದು, ನೀನು ಅನ್ನಬೇಕು ಎಂದು ಹೇಳಿದವನು ನಾನು. ಹತ್ತೊಂಬತ್ತು ವರ್ಷ ಹಾಗೇ ಅಂದವಳು. ಇವತ್ತು ಶುರು ಮಾಡಿದ್ದೇ "ಉಗ್ರಪ್ಪನವರೇ" ಎಂದು.

"ಉಗ್ರಪ್ಪನವರೇ, ಚೆನ್ನಾಗಿದೀರಾ?"

"ಏನೇ ಇದು, ನೀವು ಅಂತೆ?"

"ದೊಡ್ಡವರು. ಬಿಡುವಿಲ್ಲದವರು. ಮರ್ಯಾದೆ ಕೊಡಬೇಕಲ್ಲ."

ನಾನು ಸಹಿಯ ಮಾತೆತ್ತಿದೆ. ಸಹಿ ಹಾಕಿದರೆ ಹೋರಾಟ ಮುರಿಯುತ್ತದೆ, ಮುಂದೆ ಬರುವ ಹೆಂಗಸರಿಗೂ ಅನ್ಯಾಯವಾಗುತ್ತದೆ, ಕಂಪನಿಯ ಉದ್ದೇಶವೇ ಅದು ಎಂದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು:

"ಆಯ್ತಾ ಭಾಷಣ? ಈಗ ನಾನು ಹೇಳ್ಲಾ? ಆ ಇಪ್ಪತ್ತು ನಿಮಿಷದ ಪಾಸಿಗೆ ನಾನು ಬೆಳಿಗ್ಗೆಯಿಂದ ನೀರು ಕುಡಿದಿಲ್ಲ. ಕುಡಿದ್ರೆ ಬಾತ್‌ರೂಮಿಗೆ ಏಳಬೇಕಾಗ್ತಿತ್ತು. ಟಾರ್ಗೆಟ್ ಮುಂಚೆನೇ ಮುಗಿಸಿ, ಕಾಲರ್ ಕಂತೆ ಸೂಪರ್‌ವೈಸರ್ ಟೇಬಲ್ ಮೇಲಿಟ್ಟು, ಎರಡೂವರೆಗೆ ಗೇಟಿಗೆ ಓಡ್ದೆ. ನಮ್ಮ ಎರಡೂವರೆ, ನಿಮ್ಮ ನಾಲ್ಕು."

"ಶಶಿ, ಸಂಘದಲ್ಲಿ ನಾಲ್ಕು ಅಂದ್ರೆ..."

"ಐದು. ನಂಗೊತ್ತಿಲ್ವಾ? ಹತ್ತೊಂಬತ್ತು ವರ್ಷ ನಿಮ್ಮ ಜೊತೆ ಬಾಳಿದೀನಿ. ನಾಲ್ಕು ಅಂದ್ರೆ ಐದು. ಊಟಕ್ಕೆ ಬರ್ತೀನಿ ಅಂದ್ರೆ ಸಾರು ಆರಿದ ಮೇಲೆ. ಗೊತ್ತಿದ್ದೂ ಎರಡೂವರೆಗೆ ನಿಂತೆ. ಯಾಕೆ ಗೊತ್ತಾ? ನನಗೆ ನೀವು ಹೇಳಿದ್ದು ಸಂಘಕ್ಕೆ ಹೇಳಿದ ನಾಲ್ಕೋ, ಹೆಂಡತಿಗೆ ಹೇಳಿದ ನಾಲ್ಕೋ ನೋಡೋಣ ಅಂತ."

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡೆ.

"ವರ್ಕ್‌ಶಾಪಿನ ಲೇತ್ ಮಿಷನ್ ಮೇಲೆ ಕೂದಲೆಳೆಯಷ್ಟೂ ತಪ್ಪಲ್ಲ ನೀವು. ಕಾಮಾಕ್ಷಿಪಾಳ್ಯದಲ್ಲೆಲ್ಲ ಹೆಸರು. ರಿಜಿಸ್ಟ್ರಾರ್ ಆಫೀಸಲ್ಲಿ ನನ್ನ ಎಷ್ಟು ಹೊತ್ತು ನಿಲ್ಲಿಸಿದ್ರಿ ನೆನಪಿದೆಯಾ? ಹೂವು ಹಿಡ್ಕೊಂಡು? ಒಂದೂವರೆ ಗಂಟೆ. ಪಕ್ಕದ ಜೋಡಿ ಬಂತು, ಸೈನ್ ಹಾಕ್ತು, ಲಾಡು ತಿಂತು, ಹೋಯ್ತು. ಇಲ್ಲಿಗೆ ಬಂದ ಮೇಲೆ ನಂಗೆ ತಿಳೀತು ನೋಡಿ. ನೀವು ಅವತ್ತಿನಿಂದಲೂ ಮಾರಿಷಸ್ ಟೈಮಲ್ಲೇ ಇದೀರ!"

ಹಿಂದಿನಿಂದ ಕಲಾವತಿ ನಕ್ಕದ್ದು ಕೇಳಿಸಿತು. ಶಶಿಯೂ ನಕ್ಕಳು ಅನ್ನಿಸಿತು. ನಗುವಲ್ಲ ಅದು.

"ಮೂವತ್ಮೂರು ಗಂಟೆ ಕೂತ್ಕೊಂಡು ಬರ್ತೀನಿ. ಬರಕ್ಕಾಗಲ್ಲ ಅಂತಲ್ಲ. ಬಂದ್ರೆ ಮನೇಲಿ ಯಾರಿರ್ತಾರೆ? ಬೀಗ ಇರುತ್ತೆ. ಕೆಳಗಡೆ ಗಂಗಲಕ್ಷ್ಮಮ್ಮನ ಹತ್ರ ಕೀ ಇಸ್ಕೊಂಡು ಮೇಲೆ ಹತ್ತಬೇಕು. ಅದಕ್ಕೆ ಸಮುದ್ರ ದಾಟಬೇಕಾ ಹೇಳಿ?"

ಕಟ್ ಆಯಿತು. ಅವಳೇ ಮಾಡಿದಳೋ, ಲೈನೇ ಹೋಯಿತೋ.

ಮಾರ್ಚ್ 17, ಸೋಮವಾರ

ಗೋಡೆ ಗಡಿಯಾರಕ್ಕೆ ಸೆಲ್ ತಂದು ಹಾಕಿದೆ. ಯಾವಾಗ ನಿಂತಿತ್ತೋ ಗೊತ್ತಿಲ್ಲ. ಎಂಟು ಇಪ್ಪತ್ತು ತೋರಿಸುತ್ತಿತ್ತು.

ಮಾರ್ಚ್ 19, ಬುಧವಾರ

ವರ್ಕ್‌ಶಾಪಿನಲ್ಲಿ ಇವತ್ತೂ ನಾನೇ ಮೊದಲು. ಮಾಲೀಕ ಶಟರ್ ಎತ್ತುತ್ತಾ, "ಏನ್ ಉಗ್ರಪ್ಪ, ಇವತ್ತೇನಾದ್ರೂ ಸ್ಟ್ರೈಕಾ?" ಎಂದು ಕೇಳಿದ.

ಊಟದ ಹೊತ್ತಿನಲ್ಲಿ ಫೋನಿನಲ್ಲಿ ಆ ಎರಡು ನಿಲ್ದಾಣದ ಹೆಸರು ಹಾಕಿದೆ. ಗೆರೆ ಬಂತು. ಒಂದು ತುದಿಯಲ್ಲಿ ನಮ್ಮ ದೇಶದ ಬಾಲ, ಇನ್ನೊಂದು ತುದಿಯಲ್ಲಿ ಕಡಲೆಕಾಳಿನಷ್ಟು ನೆಲ. ನಡುವೆ ಬರೀ ನೀಲಿ. ಆ ನೀಲಿಯಲ್ಲಿ ಒಂದೂ ಹೆಸರಿಲ್ಲ. ನಾಲ್ಕು ಸಾವಿರದ ಮುನ್ನೂರ ಮೂವತ್ನಾಲ್ಕು. ಯಾವ ಬಸ್ ಸ್ಟಾಪೂ ಇಲ್ಲದ ದಾರಿ. ಬೆರಳಿನಿಂದ ದೊಡ್ಡದು ಮಾಡಿದೆ. ನೀಲಿ ಇನ್ನೂ ದೊಡ್ಡದಾಯಿತು ಅಷ್ಟೇ.

ಎರಡೂವರೆಯಾದಾಗ ಅಲ್ಲಿ ಒಂದು ಗಂಟೆ ಅನ್ನಿಸಿತು. ಊಟದ ಬೆಲ್ಲು. ನೀರು ಕುಡಿದಳೋ ಇಲ್ಲವೋ.

ಮಾರ್ಚ್ 24, ಸೋಮವಾರ

ವಿಜಯನಗರದಲ್ಲಿ ಏಜೆಂಟನ ಆಫೀಸಿನ ಮುಂದೆ ಧರಣಿ. ಹತ್ತು ಗಂಟೆ ಎಂದು ಹೇಳಿದ್ದೆ. ಹತ್ತಕ್ಕೆ ನಾನೊಬ್ಬನೇ ಇದ್ದೆ, ಬಾವುಟ ಹಿಡಿದುಕೊಂಡು. ದರ್ಶಿನಿಯಲ್ಲಿ ಇಡ್ಲಿ ತಿನ್ನುವವರು ನೋಡುತ್ತಿದ್ದರು. ಒಂದು ಗಂಟೆ ಹಾಗೆ ನಿಂತೆ. ಕಾಲು ಬದಲಿಸಿ ಬದಲಿಸಿ ನಿಂತೆ. ಕೈಯಲ್ಲಿರುವುದನ್ನು ಎಲ್ಲಿಡಬೇಕೆಂದು ತಿಳಿಯುವುದಿಲ್ಲ, ನಿಂತಾಗ. ಬರುವವರೆಲ್ಲ ನಮ್ಮವರ ಹಾಗೇ ಕಾಣುತ್ತಾರೆ.

ಹನ್ನೊಂದಕ್ಕೆ ಜನ ಬಂದರು. ಮಹದೇವ, "ಏನ್ ಗುರು, ನಿಜವಾಗ್ಲೂ ಹತ್ತಕ್ಕೇ ಬಂದ್‌ಬಿಟ್ಟಾ? ಹೇಳ್ಬೇಕು ತಾನೇ ಹತ್ತು ಅಂದ್ರೆ ಹತ್ತು ಅಂತ!" ಅಂದ.

ಕಲಾವತಿಯ ತಾಯಿಯೂ ಬಂದಿದ್ದರು, ಮಿಕ್ಕವರ ಮನೆಯವರೂ ಬಂದಿದ್ದರು. ಘೋಷಣೆ ನಾನೇ ಕೂಗಿದೆ. ಗಂಟಲು ಒಡೆಯಿತು. ಮೂವತ್ಮೂರು ಗಂಟೆಯ ದಾರಿಯನ್ನು ಐದು ಐವತ್ತು ಅನ್ನುವವನೇ, ಬಾ, ವಿಮಾನ ಹತ್ತು! ಕೂತು ತೋರಿಸು ದುಬೈ ಕುರ್ಚಿಯಲ್ಲಿ! ಪಾಸ್‌ಪೋರ್ಟು ಬೀರುವಿನಲ್ಲಿಟ್ಟವನೇ, ಅದು ನಿನ್ನಪ್ಪನ ಬೀರುವಾ? ಮಧ್ಯಾಹ್ನದ ಹೊತ್ತಿಗೆ ಲೇಬರ್ ಆಫೀಸಿನವರು ಬಂದರು. ನಾಗಭೂಷಣನ ಇಸ್ತ್ರಿ ಅಂಗಿ ಬೆನ್ನಿಗಂಟಿತ್ತು. ಒಳಗೆ ಕರೆದು ಮಾರಿಷಸ್ಸಿನ ಆಫೀಸಿಗೆ ಫೋನು ಮಾಡಿದ.

ಮಾರ್ಚ್ 28, ಶುಕ್ರವಾರ

ಬರವಣಿಗೆಯಲ್ಲಿ ಬಂತು. ರಜೆ ಇಪ್ಪತ್ತೊಂದು ದಿನ. ಹೋಗಲು ಎರಡು ದಿನ, ಬರಲು ಎರಡು ದಿನ ಕಂಪನಿಯ ಲೆಕ್ಕ. ಹೊರಡುವ ಮುನ್ನ ಪಾಸ್‌ಪೋರ್ಟು ಕೈಗೆ. ಮೂವತ್ತು ಬರಲಿಲ್ಲ. ಕೋಣೆಯ ವಿಷಯ ಬಾಯೇ ಬಿಟ್ಟಿಲ್ಲ. ಆದರೂ ಗೆದ್ದದ್ದು ಗೆದ್ದದ್ದೇ. ಸಂಘದಲ್ಲಿ ಚಪ್ಪಾಳೆ. ಟೀ ತರಿಸಿದರು.

"ಶಶಕ್ಕ ಬರ್ತಾಳಾ?" ಎಂದು ಮಹದೇವ ಕೇಳಿದ.

ಆರರಲ್ಲಿ ಐವರು ಟಿಕೆಟ್ಟಿಗೆ ಹೆಸರು ಕೊಟ್ಟಿದ್ದಾರೆ ಎಂದೆ. ಲೋಟ ತೊಳೆದಿಟ್ಟು ಬಂದೆ.

ಮಾರ್ಚ್ 30, ಭಾನುವಾರ

ಯುಗಾದಿ. ಗಂಗಲಕ್ಷ್ಮಮ್ಮ ಮೆಟ್ಟಿಲು ಹತ್ತಿ ಹೋಳಿಗೆ ತಂದುಕೊಟ್ಟರು. ಮಂಡಿನೋವಿನ ಹೆಂಗಸು, ಮೇಲೆ ಬರುವವರೇ ಅಲ್ಲ.

"ಏನಪ್ಪ, ಹದಿನೈದು ದಿನದಿಂದ ಆರು ಹೊಡೆಯೋದ್ರೊಳಗೆ ಮನೇಲಿರ್ತೀಯ. ಮೈಯಲ್ಲಿ ಹುಷಾರಿಲ್ವಾ?"

"ಹುಷಾರಾಗೇ ಇದೀನಮ್ಮ."

"ಮತ್ತೆ ಕೀ ನನ್ನ ಹತ್ರ ಯಾಕೆ ಬಿಡ್ತಾ ಇಲ್ಲ ನೀನು? ಯಾರಾದ್ರೂ ಬಂದ್ರೆ?"

ಬರುವವರಿದ್ದರೆ ನಾನೇ ಇರುತ್ತೇನೆ ಎಂದೆ. ಅವರು ಮಂಡಿ ಹಿಡಿದುಕೊಂಡು ಕೆಳಗಿಳಿದರು.

ನಾಳೆ ಮೂವತ್ತೊಂದು. ಏಳೂವರೆಯವರೆಗೆ ಕಾದೆ, ಎಂಟೂವರೆಯವರೆಗೂ. ಅವಳು ಮಾಡಲಿಲ್ಲ. ನಾನು ಮಾಡಿದೆ. ಎತ್ತಿದಳು.

"ಶಶಿ, ನಾನು ಏನೂ ವಿವರಿಸಲ್ಲ," ಅಂದೆ. "ಸೋಮವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ವಿಮಾನ ಇಳಿಯುತ್ತೆ. ನಾನು ಅಲ್ಲಿರ್ತೀನಿ."

"ಯಾವ ಸೋಮವಾರ ಅಂತ ಗೊತ್ತಾ ನಿಮಗೆ?" ಅಂದಳು. "ಏಪ್ರಿಲ್ ಹದಿನಾಲ್ಕು."

ಗೊತ್ತಿತ್ತು. ಒಂದು ತಿಂಗಳಿನಿಂದ ಆ ತಾರೀಖನ್ನು ಕಾಗದದ ಮೇಲೆ ಬರೆಯುತ್ತಲೇ ಇದ್ದೇನೆ, ಅದು ಬಾಬಾಸಾಹೇಬರ ಜಯಂತಿ ಎಂದು ಮಾತ್ರ ಈ ಗಳಿಗೆಯವರೆಗೆ ಹೊಳೆದಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಬೆಳಿಗ್ಗೆ ಹತ್ತಕ್ಕೆ ನಂದಿನಿ ಲೇಔಟಿನ ವೇದಿಕೆಯಲ್ಲಿ ಮೈಕು ನನ್ನ ಕೈಯಲ್ಲೇ.

"ಗೊತ್ತು," ಅಂದೆ.

ಅವಳ ಕಡೆ ಯಾರೋ ಬಕೆಟ್ ಎಳೆದ ಸದ್ದು. ಆಮೇಲೆ, "ಊಟ ಆಯ್ತಾ?" ಎಂದು ಕೇಳಿದಳು.

ಏಪ್ರಿಲ್ 1, ಮಂಗಳವಾರ

ಕಲಾವತಿ ಒಂದು ಚಿತ್ರ ಕಳಿಸಿದ್ದಾಳೆ. ಹರಿದ ಕಾಗದದ ತುಂಡುಗಳು ಕಸದ ಡಬ್ಬಿಯಲ್ಲಿ. ಜೊತೆಗೆ ಮಾತಿಲ್ಲ. ಅದು ಯಾರ ಕಾಗದ? ಕೇಳಿ ಬರೆದೆ. ಮೂರು ತಾಸು ಕಳೆದ ಮೇಲೆ ಶಶಿ ದನಿಯಲ್ಲೇ ಹೇಳಿ ಕಳಿಸಿದ್ದು ಬಂತು:

"ಹನ್ನೆರಡನೇ ತಾರೀಖು ರಾತ್ರಿ ಹೊರಡ್ತೀನಿ. ಹಾರ ಗೀರ ತರ್ಬೇಡ, ಸಂಘದೋರನ್ನೆಲ್ಲ ಕಟ್ಕೊಂಡು ಬರ್ಬೇಡ. ಘೋಷಣೆ ಕೂಗಿದ್ರೆ ಅಲ್ಲಿಂದಲೇ ವಾಪಸ್ ಹತ್ತಿಬಿಡ್ತೀನಿ. ನೀನೊಬ್ಬನೇ ಬಾ. ಒಂಬತ್ತು ಹತ್ತು ಕಣೋ. ನಮ್ಮ ಟೈಮು."

ಅದನ್ನು ಆರು ಸಲ ಕೇಳಿದೆ. 'ಬರ್ಬೇಡ' ಅಂದದ್ದಕ್ಕೆ ಬೇಸರವಿಲ್ಲ. 'ನೀನು' ಅಂದಿದ್ದಾಳೆ.

ಏಪ್ರಿಲ್ 6, ಭಾನುವಾರ

ಜಯಂತಿಯ ಪೂರ್ವಭಾವಿ ಸಭೆ. ಈ ಸಲ ಮೈಕು ಶೈಲಾ ಹಿಡಿಯುತ್ತಾಳೆ ಎಂದು ಸೂಚಿಸಿದೆ. ಜೆರಾಕ್ಸ್ ಅಂಗಡಿಯ ಹುಡುಗಿ, ಹನ್ನೊಂದು ಸಲ ಎಣಿಸಿದವಳು. ಎಲ್ಲರೂ ನನ್ನನ್ನೇ ನೋಡಿದರು.

ಮಹದೇವ, "ಹೋಗು ಗುರು. ಹತ್ತು ಅಂತ ಹಾಕಿಸಿದೀವಿ ಪಾಂಪ್ಲೆಟ್ಟಲ್ಲಿ. ನೀನು ಶಶಕ್ಕನ್ನ ಕರ್ಕೊಂಡು ವಾಪಸ್ ಬರೋ ಹೊತ್ತಿಗೆ ನಾವಿನ್ನೂ ಶಾಮಿಯಾನದ ಗೂಟ ಹೊಡೀತಾ ಇರ್ತೀವಿ," ಅಂದ. ನಕ್ಕರು. ನಾನೂ ನಕ್ಕೆ. ಮುಂದಿನ ವರ್ಷದಿಂದ ಪಾಂಪ್ಲೆಟ್ಟಿನಲ್ಲಿ ನಿಜವಾದ ಗಂಟೆಯನ್ನೇ ಹಾಕಬೇಕು ಎಂದು ಠರಾವು ಮಂಡಿಸಿದೆ. ಬಿದ್ದುಹೋಯಿತು.

ಏಪ್ರಿಲ್ 13, ಭಾನುವಾರ

ಅವಳು ಈಗ ದುಬೈಯಲ್ಲಿ ಕುರ್ಚಿಯ ಮೇಲಿದ್ದಾಳೆ. ಬೆಳಿಗ್ಗೆ ಇಳಿದು ಒಂದು ಮಾತು ಕಳಿಸಿದಳು: "ಬೂಟು ಬಿಚ್ಚಿ ಕೂತಿದೀನಿ. ಕಾಲು ಊದಿದೆ. ಪಾಸ್‌ಪೋರ್ಟು ಕುಪ್ಪಸದೊಳಗಿದೆ."

ಇಲ್ಲಿಂದ ಮೆಜೆಸ್ಟಿಕ್‌ಗೆ ಬಸ್ಸು, ಅಲ್ಲಿಂದ ವಿಮಾನ ನಿಲ್ದಾಣದ ಬಸ್ಸು. ಹೋದ ಭಾನುವಾರ ಸಭೆಗೆ ಮುಂಚೆ ಒಂದು ಸಲ ಸುಮ್ಮನೆ ಹೋಗಿ ಬಂದೆ. ಎರಡು ಗಂಟೆ ಐದು ನಿಮಿಷ. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತರೆ ಇನ್ನೂ ಇಪ್ಪತ್ತು ಸೇರಿಸಬೇಕು. ಜನ ಹೊರಬರುವ ಬಾಗಿಲು, ಕಂಬ, ನಿಲ್ಲುವ ಜಾಗ ಎಲ್ಲವನ್ನೂ ನೋಡಿಟ್ಟುಕೊಂಡಿದ್ದೇನೆ. ಕಂಬಕ್ಕೆ ಒರಗಿ ನಿಲ್ಲಬಹುದು.

ಅಕ್ಕಿ ಇಬ್ಬರಿಗೆ ಅಳೆದಿಟ್ಟಿದ್ದೇನೆ. ಕೈಗೆ ಈ ಅಳತೆ ನೆನಪಿದೆ.

ಬಾಕಿ ಉಳಿದ ವಿಷಯಗಳು: ಮೂವತ್ತು ದಿನ. ಕೋಣೆಗೆ ನಾಲ್ವರು. ಗೇಟಿನಲ್ಲಿ ಫೋನು. ಅವಳು ವಾಪಸು ಹೋಗುತ್ತಾಳೋ ಇಲ್ಲವೋ. ಈ ಸಲ ಅವಳು ಕೇಳಿದ ದಿನವೇ ಮಾತಾಡುವುದು.

ಮುಂದಿನ ಸಭೆ: ಏಪ್ರಿಲ್ 14, ಸೋಮವಾರ, ವಿಮಾನ ನಿಲ್ದಾಣದ ಹೊರಬಾಗಿಲು, ಬಲಗಡೆಯ ಎರಡನೇ ಕಂಬ. ಹಾಜರಿರಬೇಕಾದವರು ಇಬ್ಬರು. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ನಾನು ಏಳೂವರೆಗೆ.